ಏಳು ಚಿತ್ರದ ಬೆಡ್‌ಶೀಟು

ನಾನು ಯಾರನ್ನು ಬೇಕಾದರೂ ಅಣಕಿಸಬಲ್ಲೆ. ನಮ್ಮ ಮೂಡಿಗೆರೆ ಆಸ್ಪತ್ರೆಯ ಡಾಕ್ಟರು ರೋಗಿಯ ನಾಡಿ ಹಿಡಿದುಕೊಂಡೇ ತೂಕಡಿಸುವುದು, ಅತ್ತಿಗುಂಡಿ ಕಡೆಯ ಎಸ್ಟೇಟಿನ ದೊರೆ ಮೊದಲು ಟೋಪಿ ತೆಗೆದು ನಮಸ್ಕಾರ ಮಾಡಿ ಆಮೇಲೆ ಬೈಯಲು ಶುರು ಮಾಡುವುದು, ಜಾವಳಿ ತೋಟದ ಲೆಕ್ಕ ಬರೆಯುವ ರೈಟರು ಇಲ್ಲದ ಕೆಮ್ಮು ಕೆಮ್ಮಿ ರಜಾ ಚೀಟಿ ಕೇಳುವುದು, ಎಲ್ಲವೂ ನನ್ನ ನಾಲಿಗೆಯ ತುದಿಯಲ್ಲಿದೆ. ನನ್ನನ್ನೇ ನಾನು ಅಣಕಿಸಿ ತೋರಿಸಿದಾಗ ಮಾತ್ರ ಜನ, "ಇದು ಯಾರು ಮಾರಾಯ, ಗುರುತೇ ಸಿಗ್ಲಿಲ್ಲ" ಅನ್ನುತ್ತಾರೆ.

ಈ ವಿದ್ಯೆ ಇರುವುದರಿಂದಲೇ ಕಳೆದ ವಾರ ನಮ್ಮ ನರ್ಸಮ್ಮನ ಬೀಳ್ಕೊಡುಗೆಯ ಸಭೆಯಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಹದಿನೆಂಟು ವರ್ಷ ಈ ಗುಡ್ಡಗಳಲ್ಲಿ ಹೆರಿಗೆ ಮಾಡಿಸಿ ಪಿಂಚಣಿಗೆ ಹೊರಟ ಹೆಂಗಸನ್ನು ಅವರೆದುರಿಗೇ ಅಣಕಿಸು ಎಂದರು. ನಾನೂ ಒಪ್ಪಿಕೊಂಡೆ. ಅಲ್ಲಿ ನನಗಾದ ಸೋಲನ್ನು ಕೊನೆಯಲ್ಲಿ ಹೇಳುತ್ತೇನೆ. ಯಾರ ಕೈಯಲ್ಲಿ ಸೋತೆ, ಎಂಥ ಸೋಲು ಅದು ಎಂದು ತಿಳಿಯಬೇಕಾದರೆ ಮೊದಲು ನರ್ಸಮ್ಮ ಗೊತ್ತಿರಬೇಕು.

ಅವರನ್ನು ಅಣಕಿಸಲು ಮೂರು ಸಾಮಾನು ಸಾಕು. ಎಡಗಂಕುಳಲ್ಲಿ ಒಂದು ಛತ್ರಿ, ಬಿಸಿಲಿದ್ದರೂ ಮಳೆಯಿದ್ದರೂ ಬಿಚ್ಚದ್ದು. ಮೂಗಿನ ತುದಿಗೆ ಜಾರಿದ ಕನ್ನಡಕ. ಮತ್ತೆ ಆ ಕನ್ನಡಕದ ತಗಡಿನ ಪೆಟ್ಟಿಗೆ. ಕಟುವಾದ ಮಾತು ಬರುವುದಿದ್ದರೆ ಮೊದಲು ಆ ಪೆಟ್ಟಿಗೆ ಮುಚ್ಚುವ ಸದ್ದಾಗಬೇಕು: ಟಕ್. ನಮ್ಮ ಡಾಕ್ಟರು ಆ ಸದ್ದಿಗೆ ನಿದ್ದೆಯಲ್ಲೂ ನೆಟ್ಟಗೆ ಕೂರುತ್ತಿದ್ದರು.

ಮೈಸೂರು ಕಡೆಯವರು. ಬಂದ ಹೊಸದರಲ್ಲಿ ಅವರ ಮಾತು ಇಲ್ಲಿನವರಿಗೆ ಜಗಳದ ಹಾಗೆ ಕೇಳುತ್ತಿತ್ತಂತೆ. ಅದಕ್ಕೆ ಅವರು ಒಂದು ಉಪಾಯ ಹುಡುಕಿದರು. ಇಲ್ಲಿನ 'ಮಾರಾಯ್ತಿ', 'ಮಾರಾಯ್ರೇ'ಗಳನ್ನು ಕಲಿತು ಎಲ್ಲ ಮಾತಿನ ತುದಿಗೂ ಸಕ್ಕರೆಯ ಹಾಗೆ ಉದುರಿಸತೊಡಗಿದರು. "ಸಾಯಬೇಕು ಅಂತಿದ್ದೀಯಾ ಮಾರಾಯ್ತಿ, ಆರು ಹೆತ್ತ ಮೇಲೂ ಸೌದೆ ಹೊರ್ತೀಯಲ್ಲ?" ಮಾತು ಮೈಸೂರಿನದು, ಬಾಲ ಮಲೆನಾಡಿನದು. ಅವರಿಗೆ ಮದುವೆಯಾಗಿತ್ತೋ, ಆಗಿ ಹೋಗಿತ್ತೋ ಯಾರಿಗೂ ಗೊತ್ತಿಲ್ಲ. ಹೆರಿಗೆ ನೋವಿನ ನಡುವೆಯೂ ಒಬ್ಬಾಕೆ ಅದನ್ನು ಕೇಳಿದಳಂತೆ. ಟಕ್. "ನಿನಗೀಗ ಮಗು ಬೇಕಾ, ನನ್ನ ಜಾತಕ ಬೇಕಾ?"

ನಾನು ಅದೇ ಆಸ್ಪತ್ರೆಯಲ್ಲಿ ಕಾಂಪೌಂಡರ್. ಎಂದರೆ ಡಾಕ್ಟರು ಬರೆದದ್ದನ್ನು ಕಲಸಿ ಕೊಡುವವನು, ಬರೆಯದ್ದನ್ನು ಊಹಿಸಿ ಕೊಡುವವನು. ಆಗ ಯುದ್ಧದ ಕಾಲ. ಔಷಧಿಗೆ ಬರ, ಕಾಗದಕ್ಕೆ ಬರ, ಬಟ್ಟೆಗೂ ಬರ. ಹಾಗಿರುವಾಗ ಗಾಯಕ್ಕೆ ಹಚ್ಚುವ ಕೆಂಪು ಔಷಧಿಯ ಬಾಟಲಿ ಒಂದೇ ವಾರದಲ್ಲಿ ಖಾಲಿಯಾಯಿತು. ಆ ವಾರ ಮೂಡಿಗೆರೆಯಲ್ಲಿ ಅಷ್ಟು ಮೊಣಕಾಲು ತರಚಿರಲಿಲ್ಲ. ಹಿಂದೆಯೇ ಬಾಯಿಹುಣ್ಣಿನ ನೇರಳೆ ಔಷಧಿ ಹೋಯಿತು. ಸುಟ್ಟಗಾಯದ ಹಳದಿಯೂ ಇಳಿಯಿತು. ಕಳ್ಳನನ್ನು ಹಿಡಿಯುತ್ತೇನೆಂದು ಒಂದು ಮಧ್ಯಾಹ್ನ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಬಟ್ಟೆ ಇಡುವ ಕೋಣೆಯ ಬಾಗಿಲು ತಳ್ಳಿದೆ. ಮೇಜಿನ ಮೇಲೆ ಆಸ್ಪತ್ರೆಯ ಬೆಡ್‌ಶೀಟು ಹರಡಿಕೊಂಡು, ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ನರ್ಸಮ್ಮ ಚಿತ್ರ ಬರೆಯುತ್ತಿದ್ದರು.

"ಬಾ ಬಾ. ಟಿಂಚರ್ ಅಯೊಡಿನ್ ಇದ್ರೆ ಒಂಚೂರು ತಗೊಂಡ್ಬಾ. ಗಿಡದ ಕಾಂಡಕ್ಕೆ ಕಂದು ಬೇಕು," ಅಂದರು. ಸಿಕ್ಕಿಬಿದ್ದ ಕಳ್ಳನಿಗೆ ಇರಬೇಕಾದ ಯಾವ ಲಕ್ಷಣವೂ ಇರಲಿಲ್ಲ.

ಏಳು ಚಿತ್ರಗಳು. ಹೂ ತುಂಬಿದ ಕಾಫಿ ಗಿಡ ಒಂದು. ಹುಡುಗಿಯ ತಲೆಯ ಮೇಲೆ ಕೂತ ಕಾಗೆ, ಆ ಕಾಗೆಯ ಮೇಲೆ ದೊಡ್ಡದೊಂದು ಅಡ್ಡಗೀಟು. ಮೂರನೆಯದು ನನ್ನ ಕಣ್ಣಿಗೆ ಕೊಂಬಿನ ಎತ್ತಿನ ತಲೆಯ ಹಾಗೆ ಕಂಡಿತು. ನಾಲ್ಕರಲ್ಲಿ ಸಾಲಾಗಿ ಇಪ್ಪತ್ತೆಂಟು ಕಾಫಿ ಬೀಜ. ಐದರಲ್ಲಿ ಬಟ್ಟೆ ಮಡಿಸುವ ಕ್ರಮ. ಆರರಲ್ಲಿ ಆ ಬಟ್ಟೆಯನ್ನು ಕುದಿನೀರಲ್ಲಿ ಒಗೆದು ಬಿಸಿಲಿಗೆ, ಮಳೆಗಾಲದಲ್ಲಾದರೆ ಬಚ್ಚಲೊಲೆಯ ಮೇಲೆ, ಒಣಗಿಸುವುದು. ಏಳನೆಯದರಲ್ಲಿ ಪುಸ್ತಕ ಅಪ್ಪಿಕೊಂಡು ಶಾಲೆಗೆ ಹೊರಟ ಒಬ್ಬ ಹುಡುಗಿ. ಆ ಹುಡುಗಿಗೆ ಎರಡು ಜಡೆ ಇತ್ತು, ರಿಬ್ಬನ್ ಇತ್ತು, ಮುಖ ಇರಲಿಲ್ಲ.

"ಇದೆಂತ ನರ್ಸಮ್ಮ, ಎತ್ತು?" ಎಂದು ಮೂರನೆಯದನ್ನು ತೋರಿಸಿದೆ.

"ನೀನು ಒಂಬತ್ತು ತಿಂಗಳು ಬಾಡಿಗೆ ಕೊಡದೆ ಇದ್ದ ಮನೆ ಅದು ಮಾರಾಯ. ಗುರುತು ಸಿಗ್ಲಿಲ್ವಾ?"

ಯಾವುದೋ ಎಸ್ಟೇಟಿನ ಮೇಮ್‌ಸಾಹೇಬರು ಅವರಿಗೊಂದು ಚಿಕ್ಕ ಇಂಗ್ಲಿಷ್ ಪುಸ್ತಕ ಕೊಟ್ಟಿದ್ದರು. ದೊಡ್ಡವರಾಗುವ ಹುಡುಗಿಯರಿಗೆಂದು ಸಮುದ್ರದಾಚೆ ಅಚ್ಚಾದದ್ದು. ಅದರ ರಟ್ಟಿನ ಮೇಲೆ ಕೂದಲು ಕತ್ತರಿಸಿದ ಹುಡುಗಿಯೊಬ್ಬಳು ಟೆನ್ನಿಸ್ ಬ್ಯಾಟು ಹಿಡಿದು ನಗುತ್ತಿದ್ದಳು. ಒಳಗೆ ಸೊಂಟಕ್ಕೆ ಕಟ್ಟುವ ಎಲಾಸ್ಟಿಕ್ ಪಟ್ಟಿಯ ಚಿತ್ರ, ಅದನ್ನು ಅಂಗಡಿಯಲ್ಲಿ ನಾಚದೆ ಕೇಳುವ ಬಗೆ. "ಪಾಪ, ಇವಳಿಗೆ ಟೆನ್ನಿಸ್ ಆಡೋಕೆ ತೊಂದರೆಯಂತೆ," ಅಂದರು ನರ್ಸಮ್ಮ. "ನಮ್ಮೋರಿಗೆ ಬುಟ್ಟಿ ಹೊರೋಕೆ, ಗುಡ್ಡ ಹತ್ತೋಕೆ, ಬೆಂಚಿನ ಮೇಲೆ ಕೂರೋಕೆ. ಅದಕ್ಕೇ ಬೇರೆ ಬರೀತಿದ್ದೀನಿ." ಬೆಡ್‌ಶೀಟಿನ ಜೊತೆಗೆ ಎಂಟು ಪುಟದ ಕನ್ನಡ ಪುಸ್ತಕವೊಂದನ್ನೂ ಅವರೇ ಬರೆದಿದ್ದರು.

ಇಷ್ಟು ಸಿಕ್ಕಿದ ಮೇಲೆ ನಾನು ಸುಮ್ಮನಿರುತ್ತೇನೆಯೇ? ಸಂಜೆ ಹೋಟೆಲಿನಲ್ಲಿ ರೈಟರುಗಳ ಗುಂಪಿಗೆ, ಬೆಂಕಿಕಡ್ಡಿ ಹಿಡಿದು ಎತ್ತಿನ ತಲೆ ಬರೆಯುವ ನರ್ಸಮ್ಮನನ್ನು ಮಾಡಿ ತೋರಿಸಿದೆ. ಎಲ್ಲರೂ ನಕ್ಕರು. ಎರಡು ಕಾಫಿ ಪುಕ್ಕಟೆ ಬಂತು. ಮರುದಿನ ಬೆಳಿಗ್ಗೆ ಔಷಧಿ ಕಿಟಕಿಯ ಹತ್ತಿರ ಕೇಳಿಸಿತು: ಟಕ್.

"ನಿನ್ನ ಅಕ್ಷರ ಚೆನ್ನಾಗಿದೆಯಂತೆ. ಈ ಪುಸ್ತಕಕ್ಕೆ ನಲವತ್ತು ನಕಲು ಬೇಕು. ಕಾಗದ ಸಿಗಲ್ಲ, ತೋಟದ ಹಳೇ ಹಾಜರಿ ಹಾಳೆಯ ಹಿಂದಿನ ಮಗ್ಗುಲಲ್ಲಿ ಬರಿ."

ಬರೆದೆ. ಆದರೆ ಇಪ್ಪತ್ತೆರಡು ವರ್ಷದ, ಮದುವೆಯಾಗದ, ಅಮ್ಮ ಹೊರಗೆ ಕೂತಾಗ "ಕಾಗೆ ಮುಟ್ಟಿದೆ" ಎಂದಷ್ಟೇ ಕೇಳಿ ಬೆಳೆದ ಗಂಡಸು ನಾನು. 'ಮುಟ್ಟು' ಎಂದು ಬರೆಯಬೇಕಾದ ಕಡೆ ಕೈ ಓಡಲಿಲ್ಲ. ಹಾಗಾಗಿ ಕಷ್ಟದ ಮಾತು ಬಂದಲ್ಲೆಲ್ಲ 'ಅದು' ಎಂದು ಬರೆದೆ. ಬಹಳ ಸಭ್ಯನಾಗಿದ್ದೇನೆಂದು ನನಗೆ ನನ್ನ ಮೇಲೆಯೇ ಗೌರವ ಬಂತು.

ನರ್ಸಮ್ಮ ಮೊದಲ ನಕಲನ್ನು ಕೈಗೆತ್ತಿಕೊಂಡರು. ಔಷಧಿಗೆ ಕಾದು ಕೂತಿದ್ದ ಇಪ್ಪತ್ತು ಹೆಂಗಸರ ಮುಂದೆ ನಿಂತು ಗಟ್ಟಿಯಾಗಿ ಓದಿದರು. "ಅದು ಕಾಯಿಲೆ ಅಲ್ಲ. ಅದು ಬಂದಾಗ ಅದನ್ನು ನಾಲ್ಕು ಮಡಿಕೆ ಮಾಡಿ ಇಟ್ಟುಕೊಳ್ಳಬೇಕು. ಆಮೇಲೆ ಅದನ್ನು ಅದರಲ್ಲಿ ಕುದಿಸಿ ಅದರ ಮೇಲೆ ಒಣಗಿಸಬೇಕು." ಓದಿದ್ದು ಅವರ ದನಿಯಲ್ಲಲ್ಲ. ತುಸು ಮೂಗಿನಲ್ಲಿ, ಪ್ರತಿ ಮಾತಿಗೂ ಕತ್ತು ಒಂದಿಷ್ಟು ಓರೆ ಮಾಡಿ, ಎಡಗೈಯಲ್ಲಿ ಕ್ರಾಪು ತೀಡಿಕೊಳ್ಳುತ್ತಾ. ಹೆಂಗಸರು ಒಟ್ಟಿಗೇ ಕೂಗಿದರು, "ಅಯ್ಯೋ, ನಮ್ ಕಾಂಪೌಂಡ್ರು!"

ನಾನು ಹೇಗೆ ಕಾಣುತ್ತೇನೆಂದು ಅವತ್ತೇ ನನಗೆ ಗೊತ್ತಾದದ್ದು.

"ಇದನ್ನ ಓದಿದೋಳು ಹೋಳಿಗೆ ಮಾಡ್ತಾಳೋ, ಛತ್ರಿ ರಿಪೇರಿ ಮಾಡ್ತಾಳೋ?" ಅಂದರು ನರ್ಸಮ್ಮ. ನಗುತ್ತಿರಲಿಲ್ಲ. "ಹೆಸರು ಹೇಳೋಕೆ ನಾಚೋರು ತುಂಬಾ ಜನ ಇದ್ದಾರೆ ಮಾರಾಯ. ಅದಕ್ಕೇ ಆ ಹುಡುಗೀರು ಕತ್ತಲೆಯಲ್ಲಿರೋದು. ಇನ್ನೊಂದ್ಸಲ ಬರಿ."

ನಲವತ್ತನ್ನೂ ಮತ್ತೆ ಬರೆದೆ. ಹತ್ತನೇ ನಕಲಿನ ಹೊತ್ತಿಗೆ ಆ ಮಾತಿನ ಹತ್ತಿರ ಕೈ ತಡೆಯುವುದು ನಿಂತಿತ್ತು. ಇಪ್ಪತ್ತನೆಯದರ ಹೊತ್ತಿಗೆ ಇದರಲ್ಲಿ ನಾಚುವುದಕ್ಕೆ ಏನಿತ್ತೆಂದು ನನಗೇ ಮರೆತುಹೋಯಿತು. ಆದರೂ ಪೂರ್ತಿ ಜಾಣನಾದೆನೆಂದು ತಿಳಿಯಬೇಡಿ.

ಅದು ಫೆಬ್ರವರಿಯ ಕೊನೆ. ಒಂದು ಹದ ಮಳೆ ಬಿದ್ದಿತ್ತು. ಹಪ್ಪಳದಜ್ಜಿಯ ಮೊಮ್ಮಗಳು ಗಿರಿಜೆ ಔಷಧಿ ಕಿಟಕಿಗೆ ಬಂದಳು. ಹಪ್ಪಳದಜ್ಜಿ ಎಂದರೆ ಹೊರನಾಡಿನ ಕಡೆಯಿಂದ ಬಂದು ನಮ್ಮ ಪೇಟೆಯಲ್ಲಿ ನೆಲೆಸಿ, ಹಲಸಿನ ಹಪ್ಪಳ ಮಾರಿಕೊಂಡು, ತಾಯಿಯಿಲ್ಲದ ಈ ಹುಡುಗಿಯನ್ನು ಸಾಕಿದ ಮುದುಕಿ. ಅವಳ ಮಡಿಗೆ ಊರೇ ಹೆದರುತ್ತಿತ್ತು. ಗಿರಿಜೆ ಹೆಣ್ಣುಮಕ್ಕಳ ಶಾಲೆಯಲ್ಲಿ ಎಲ್ಲರಿಗಿಂತ ಮುಂದು. ಇನ್ನೊಂದು ತಿಂಗಳಿಗೆ ಚಿಕ್ಕಮಗಳೂರಿನಲ್ಲಿ ಲೋವರ್ ಸೆಕೆಂಡರಿ ಪರೀಕ್ಷೆ.

"ಉಂಬಳ ಕಚ್ಚಿದೆ. ರಕ್ತ ನಿಲ್ತಾ ಇಲ್ಲ," ಅಂದಳು. ಮುಖ ಬಿಳಿಚಿತ್ತು.

ಈ ಊರಲ್ಲಿ ಹುಟ್ಟಿದವರಿಗೆಲ್ಲ ಉಂಬಳ ಗೊತ್ತು. ಗೊತ್ತಾಗದ ಹಾಗೆ ಹತ್ತಿ, ರಕ್ತ ಹೀರಿ, ಉದುರಿಹೋಗುವ ಹುಳ. ರಕ್ತ ಕಂಡ ಮೇಲೆಯೇ ಕಚ್ಚಿದ್ದು ತಿಳಿಯುವುದು. ನಾನು ಡಾಕ್ಟರ ದನಿಯಲ್ಲಿ ಗಂಭೀರವಾಗಿ, "ಸುಣ್ಣ ಹೊಗೆಸೊಪ್ಪು ಅರೆದು ಹಚ್ಚು. ಹೆದರಬೇಡ," ಎಂದು ಹತ್ತಿಯ ಉಂಡೆಯೊಂದನ್ನು ಕೊಟ್ಟೆ. ಹಿಂದಿನಿಂದ ಟಕ್ ಅಂತು.

"ಫೆಬ್ರವರಿ ತಿಂಗಳಲ್ಲಿ ಉಂಬಳನೇನೋ? ನಲವತ್ತು ಸಲ ಬರೆದೆಯಲ್ಲ ಮಾರಾಯ, ಒಂದ್ಸಲನೂ ಓದ್ಲಿಲ್ವಾ?" ಎಂದು ನರ್ಸಮ್ಮ ಹುಡುಗಿಯ ಹೆಗಲ ಮೇಲೆ ಕೈಹಾಕಿ ಒಳಗೆ ಕರೆದುಕೊಂಡು ಹೋದರು. ಅರ್ಧ ಗಂಟೆ ಬಿಟ್ಟು ಹೊರಗೆ ಬಂದ ಗಿರಿಜೆಯ ಮುಖಕ್ಕೆ ಕಳೆ ಬಂದಿತ್ತು. ಕೈಯಲ್ಲಿ ನನ್ನ ಅಕ್ಷರದ ಪುಸ್ತಕ, ಎರಡು ತಗಡಿನ ಡಬ್ಬಿ, ಒಂದರಲ್ಲಿ ಇಪ್ಪತ್ತೆಂಟು ಕಾಫಿ ಬೀಜ. ದಿನಕ್ಕೊಂದು ಬೀಜವನ್ನು ಈ ಡಬ್ಬಿಯಿಂದ ಆ ಡಬ್ಬಿಗೆ ಹಾಕಬೇಕು. ಮುಗಿಯುವ ಹೊತ್ತಿಗೆ ಮತ್ತೆ ಬರುತ್ತದೆ, ಒಂದೆರಡು ದಿನ ಆಚೀಚೆಯಾದರೂ ಹೆದರಬೇಕಿಲ್ಲ. ನರ್ಸಮ್ಮ ಆಗಲೇ ಬೆರಳೆಣಿಸಿದ್ದರು. ಬೀಜ ಮುಗಿಯುವುದಕ್ಕೂ ಪರೀಕ್ಷೆಯ ದಿನಕ್ಕೂ ಸರಿಹೋಗುತ್ತಿತ್ತು.

ಅಜ್ಜಿಯ ಮನೆಯಲ್ಲಿ ಗಿರಿಜೆಯನ್ನು ಹಸೆಯ ಮೇಲೆ ಕೂರಿಸಿದರು. ಆರತಿ ಎತ್ತಿದರು, ಹಾಡು ಹೇಳಿದರು, ಎಳ್ಳುಬೆಲ್ಲದ ಚಿಗಳಿ ತಿನ್ನಿಸಿದರು. ಶಾಲೆಯ ಪುಸ್ತಕ ಅಟ್ಟ ಸೇರಿತು. ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ದೊಡ್ಡವಳಾದ ಮೇಲೆ ಆ ಶಾಲೆಗೆ ತಿರುಗಿ ಬಂದ ಹುಡುಗಿ ಅಲ್ಲಿಯವರೆಗೆ ಒಬ್ಬಳೂ ಇರಲಿಲ್ಲ.

ಹತ್ತು ದಿನ ಕಾದು ನರ್ಸಮ್ಮ ಅಜ್ಜಿಯ ಮನೆಗೆ ಹೊರಟರು. ಬೆಡ್‌ಶೀಟು ಹೊರಲು ನಾನು. ಬಿದ್ದ ಮಳೆಗೆ ದಾರಿಯ ಎರಡೂ ಕಡೆ ಕಾಫಿ ಹೂವಾಗಿ, ಗುಡ್ಡಕ್ಕೆ ಗುಡ್ಡವೇ ಬೆಳ್ಳಗಾಗಿತ್ತು. ಅಜ್ಜಿಯ ಜಗಲಿಯಲ್ಲಿ ಕೇರಿಯ ಹೆಂಗಸರೆಲ್ಲ ಸೇರಿದರು. ಶೀಟನ್ನು ಗೋಡೆಗೆ ಕಟ್ಟಿದ ಕೂಡಲೇ ನನ್ನನ್ನು ಹೊರಗೆ ಹಾಕಿದರು. ಹಪ್ಪಳ ಒಣಗಿಸಿದ್ದ ಚಾಪೆಯ ಪಕ್ಕ ಕಾಗೆ ಕಾಯುತ್ತಾ ಕೂತು ಎಲ್ಲ ಕೇಳಿಸಿಕೊಂಡೆ.

"ಓದಿದ್ದು ಸಾಕು ನರ್ಸಮ್ಮ," ಅಂದಳು ಅಜ್ಜಿ. "ಮುಟ್ಟಲ್ಲಿ ಪುಸ್ತಕ ಮುಟ್ಟಿದ್ರೆ ಸರಸ್ವತಿ ಸುಮ್ನಿರ್ತಾಳಾ?"

"ಸರಸ್ವತಿ ಹೆಂಗಸಲ್ವಾ ಅಜ್ಜಿ? ಅವಳಿಗೆ ಗೊತ್ತಿರಲ್ವಾ?"

ಯಾರೋ ಕಿಸಕ್ಕೆಂದರು. ಅಜ್ಜಿ ಮಾತು ಬದಲಾಯಿಸಿದಳು. "ಅದೆಂತಕ್ಕೆ ಎತ್ತಿನ ತಲೆ ಬರ್ದಿದ್ದೀರಿ?"

"ಅದು ಗರ್ಭಕೋಶ. ಮಗು ಇರೋ ಚೀಲ."

"ಹೌದಾ?" ಅಜ್ಜಿ ಹತ್ತಿರ ಹೋಗಿ ನೋಡಿರಬೇಕು. ಬಳೆ ಸದ್ದಾಯಿತು. "ಏಳು ಹೆತ್ತೆ. ಒಂದ್ಸಲನೂ ಇದರ ಮುಖ ಕಂಡಿರ್ಲಿಲ್ಲ ನೋಡಿ."

ಜಗಲಿಯೆಲ್ಲ ನಕ್ಕಿತು. ಆಮೇಲೆ ಟಕ್. ಅದರ ಬೆನ್ನಿಗೆ ಬಂದ ಮಾತನ್ನು ಇವತ್ತು ಈ ಪೇಟೆಯಲ್ಲಿ ಗೊತ್ತಿಲ್ಲದವರಿಲ್ಲ.

"ನೀವು ಆರತಿ ಎತ್ತಿದ್ರಿ, ಚಿಗಳಿ ತಿನ್ನಿಸಿದ್ರಿ, ಒಳ್ಳೇದೇ ಮಾಡಿದ್ರಿ. ಹೂವಾಯ್ತು ಅಂತ ಸಂತೋಷಪಟ್ರಿ. ಹೊರಗೆ ನೋಡಿ ಮಾರಾಯ್ತಿ, ಗುಡ್ಡ ಎಲ್ಲ ಹೂವಾಗಿದೆ. ಹೂ ಬಂತು ಅಂತ ಯಾರಾದ್ರೂ ಗಿಡಾನ ತೋಟದಿಂದ ಆಚೆ ಇಡ್ತಾರಾ?"

ಕಾಗೆಯೊಂದು ಹಪ್ಪಳ ಕಚ್ಚಿಕೊಂಡು ಹೋಯಿತು, ನಾನು ಓಡಿಸಲಿಲ್ಲ. ಆಗ ಅಜ್ಜಿಯ ದನಿ ಕೇಳಿಸಿತು, ಬೇರೆ ಯಾರದೋ ಎನ್ನುವಷ್ಟು ಸಣ್ಣಗೆ.

"ನಾನೂ ಉಂಬಳ ಅಂದ್ಕಂಡಿದ್ದೆ. ಹೊಳೆ ದಾಟುವಾಗ ಒಳಗೆ ಹೊಕ್ಕಿದೆ, ನಾನು ಸಾಯ್ತೀನಿ ಅಂತ. ಮೂರು ದಿನ ಕೊಟ್ಟಿಗೇಲಿ ಕೂತು ಅತ್ತಿದ್ದೆ. ಯಾರೂ ಎಂತದೂ ಹೇಳ್ಲಿಲ್ಲ. ಇವತ್ತಿನವರೆಗೆ ನಾನೂ ಯಾರಿಗೂ ಹೇಳಿರ್ಲಿಲ್ಲ."

"ನಾನು ಗಾಜು ಚುಚ್ಚಿದೆ ಅಂದ್ಕಂಡಿದ್ದೆ," ಎಂದು ಇನ್ನೊಂದು ದನಿ. "ನಾನು ದೇವರ ಶಾಪ ಅಂತ," ಎಂದು ಮತ್ತೊಂದು. ಒಬ್ಬೊಬ್ಬರಾಗಿ ಎಲ್ಲರೂ ಹೇಳಿದರು. ಯಾರನ್ನು ಬೇಕಾದರೂ ಅಣಕಿಸುವ ನಾನು ಆ ದನಿಗಳಲ್ಲಿ ಒಂದನ್ನೂ ಇವತ್ತಿನವರೆಗೆ ಅಣಕಿಸಿಲ್ಲ.

ಕೊನೆಗೆ ಅಜ್ಜಿ ಏಳನೇ ಚಿತ್ರದ ಮುಂದೆ ನಿಂತಳಂತೆ. "ಈ ಹುಡುಗಿಗೆಂತ ಮುಖವೇ ಇಲ್ಲ?"

"ಶಾಲೆಗೆ ತಿರುಗಿ ಹೋದೋಳು ಒಬ್ಬಳೂ ಇಲ್ವಲ್ಲ ಅಜ್ಜಿ. ಯಾರ ಮುಖ ಬರೀಲಿ?"

"ನೋಡುವ," ಅಂದಳು ಅಜ್ಜಿ. ನಮ್ಮ ಕಡೆ 'ನೋಡುವ' ಅಂದರೆ ಹೂಂ ಎಂದೂ ಆಗಬಹುದು, ಊಹೂಂ ಎಂದೂ ಆಗಬಹುದು. ಮರುದಿನ ಪುಸ್ತಕ ಅಟ್ಟದಿಂದ ಇಳಿಯಿತು. ಗಿರಿಜೆ ಶಾಲೆಗೆ ಹೋದಳು. ಆದರೆ ಡಬ್ಬಿಯ ಬೀಜ ದಿನಕ್ಕೊಂದರಂತೆ ಕಡಿಮೆಯಾಗುತ್ತಿತ್ತು. ಹೊರಗೆ ಕೂರದ ದಿನಗಳಲ್ಲಿ ಶಾಲೆಗೆ ಕಳಿಸುವುದು ಬೇರೆ, ಆ ಮೂರು ದಿನಗಳಲ್ಲೇ ಜನ ತುಂಬಿದ ಬಸ್ಸು ಹತ್ತಿಸುವುದು ಬೇರೆ.

ಪರೀಕ್ಷೆಯ ಬೆಳಿಗ್ಗೆ ನಾನು ಔಷಧಿಯ ಖಾಲಿ ಪೆಟ್ಟಿಗೆ ಕಳಿಸಲು ಬಸ್ಸಿನ ಹತ್ತಿರ ಹೋಗಿದ್ದೆ. ಪೆಟ್ರೋಲಿಗೂ ಬರವಿದ್ದ ಆ ಕಾಲದ, ಇದ್ದಿಲಿನಿಂದ ಓಡುವ ಬಸ್ಸು ಹೊಗೆ ಕಾರುತ್ತಾ ನಿಂತಿತ್ತು. ಒದ್ದೆ ಮಡಿಸೀರೆಯ ಅಜ್ಜಿ ಬಾಗಿಲ ಬಳಿ. ಗಿರಿಜೆ ಅವಳಿಂದ ಹತ್ತು ಮಾರು ದೂರದಲ್ಲಿ, ತಲೆ ತಗ್ಗಿಸಿ. ಆ ಹತ್ತು ಮಾರು ನೋಡಿದ ಕೂಡಲೇ ಸುತ್ತಲಿದ್ದ ಎಲ್ಲರಿಗೂ ಗೊತ್ತಾಯಿತು, ನನಗೂ. ಬೀಜ ಮುಗಿದಿತ್ತು.

ರಸ್ತೆಯ ಆಚೆ ಛತ್ರಿ ಕಂಕುಳಲ್ಲಿಟ್ಟು ನರ್ಸಮ್ಮ ನಿಂತಿದ್ದರು. ಓಡಿಹೋದೆ. "ನೀವು ಹೋಗಿ ಎಂತಾದ್ರೂ ಹೇಳಿ ನರ್ಸಮ್ಮ. ಬಸ್ಸು ಹೊರಡ್ತದೆ."

"ಈಗ ನಾನು ಹೋದ್ರೆ ನಾನು ಗೆದ್ದ ಹಾಗೆ ಆಗುತ್ತೆ," ಅಂದರು. "ಗೆಲ್ಲಬೇಕಾದ್ದು ಅಜ್ಜಿ." ಕನ್ನಡಕದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಮುಚ್ಚಲಿಲ್ಲ.

ಕಂಡಕ್ಟರು ಕೂಗಿದ. "ಅಜ್ಜೀ, ಹತ್ತುದಾ, ಇಲ್ವಾ?"

ಅಜ್ಜಿ ಬಸ್ಸನ್ನು ನೋಡಿದಳು. ಊರನ್ನು ನೋಡಿದಳು. ಆಮೇಲೆ ಆ ಹತ್ತು ಮಾರನ್ನು ನಡೆದು ದಾಟಿ ಮೊಮ್ಮಗಳ ಮುಂದೆ ಕೈ ಚಾಚಿದಳು.

"ಕೈ ಕೊಡೇ. ಬಸ್ಸಿನ ಮೆಟ್ಲು ನಂಗೆ ಹತ್ತಕ್ಕಾಗದಿಲ್ಲ."

ಗಿರಿಜೆ ಹಿಂದೆ ಸರಿದಳು. ಅಜ್ಜಿ ಬಿಡಲಿಲ್ಲ, ಮಣಿಕಟ್ಟನ್ನೇ ಹಿಡಿದುಕೊಂಡಳು. ಗುಂಪಿನಿಂದ ಯಾರೋ, "ಅಜ್ಜಿ, ಮಡಿ!" ಎಂದು ಕೂಗಿದರು.

"ಮಡಿಗೆಂತ? ಬಂದ್ಮೇಲೆ ಸ್ನಾನ ಮಾಡ್ತೀನಿ," ಅಂದಳು ಅಜ್ಜಿ, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು. "ಪರೀಕ್ಷೆ ಬಂದ್ಮೇಲೆ ಬರಿಯಕ್ಕಾಗ್ತದಾ?"

ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನರ್ಸಮ್ಮ ಅಲ್ಲೇ ನಿಂತಿದ್ದರು. ನಂತರ ಟಕ್ ಅಂತು. ಕಟುವಾದ ಮಾತೇನೂ ಬರಲಿಲ್ಲ. ಹದಿನೆಂಟು ವರ್ಷದಲ್ಲಿ ಆ ಸದ್ದು ಸುಮ್ಮನೆ ಆದದ್ದು ಅದೊಂದೇ ಸಲ.

ಗಿರಿಜೆ ಪಾಸಾದಳು. ಲೆಕ್ಕದಲ್ಲಿ ನನ್ನ ಎರಡರಷ್ಟು ಅಂಕ ಬಂತು. ನನ್ನ ಅಂಕ ಕೇಳುವ ತೊಂದರೆ ತೆಗೆದುಕೊಳ್ಳಬೇಡಿ. ನರ್ಸಮ್ಮ ಅವಳನ್ನು ಬಟ್ಟೆ ಕೋಣೆಗೆ ಕರೆದು ಬೆಂಕಿಕಡ್ಡಿ ಕೈಗೆ ಕೊಟ್ಟರು. ಏಳನೇ ಚಿತ್ರಕ್ಕೆ ಗಿರಿಜೆ ತನ್ನ ಮುಖವನ್ನು ತಾನೇ ಬರೆದಳು. ಮೂಗು ದೊಡ್ಡದಾಯಿತು, ಒಂದು ಕಣ್ಣು ಮೇಲೆ ಹೋಯಿತು, ನಗು ಮಾತ್ರ ಸರಿಯಾಗಿ ಬಂತು.

ಇದಾಗಿ ಮೂರು ವರ್ಷ. ಈಗ ಸಭೆಗೆ ಬರೋಣ.

ಗೋಡೆಗೆ ಬೆಡ್‌ಶೀಟು ಕಟ್ಟಿದ್ದರು. ನಾನು ಛತ್ರಿ ಕಂಕುಳಲ್ಲಿಟ್ಟು, ಕನ್ನಡಕ ಜಾರಿಸಿ, ಪೆಟ್ಟಿಗೆ ಟಕ್ ಅನ್ನಿಸಿ, "ಹೂ ಬಂತು ಅಂತ ಯಾರಾದ್ರೂ" ಎನ್ನುವಷ್ಟರಲ್ಲಿ ಮುಂದಿನ ಸಾಲಿನಿಂದ ಹಪ್ಪಳದಜ್ಜಿ ಎದ್ದಳು.

"ಥೂ, ಹಾಗಲ್ವೋ ಮಾರಾಯ! ನಿಂದು ಬರೀ ಮೂಗು. ಅವರದ್ದು ಹೊಟ್ಟೆಯಿಂದ ಬರ್ತದೆ." ನನ್ನ ಕೈಯಿಂದ ಛತ್ರಿ ಕಿತ್ತುಕೊಂಡಳು. ಸೊಂಟ ನೆಟ್ಟಗೆ ಮಾಡಿದಳು. ನಾಲಿಗೆಯಲ್ಲೇ ಟಕ್ ಅನ್ನಿಸಿದಳು. "ಹೂ ಬಂತು ಅಂತ..."

ಉಳಿದದ್ದನ್ನು ಅವಳು ಹೇಳಬೇಕಾಗಲಿಲ್ಲ. ಸಭೆಯಲ್ಲಿದ್ದ ಹೆಂಗಸರೆಲ್ಲ, ಎಸ್ಟೇಟಿನ ಕೂಲಿ ಲೈನಿನವರು, ಪೇಟೆಯವರು, ಶಾಲೆಯ ಹುಡುಗಿಯರು, ಒಂದೇ ದನಿಯಲ್ಲಿ, ಮೈಸೂರಿನ ಏರಿಳಿತದಲ್ಲೇ ಹೇಳಿದರು: "ಯಾರಾದ್ರೂ ಗಿಡಾನ ತೋಟದಿಂದ ಆಚೆ ಇಡ್ತಾರಾ?"

ಅವರನ್ನು ಅಣಕಿಸಬಲ್ಲವನು ನಾನೊಬ್ಬನೇ ಎಂದುಕೊಂಡಿದ್ದೆ. ಇಡೀ ಮೂಡಿಗೆರೆ ನನಗಿಂತ ಮೊದಲೇ ಕಲಿತಿತ್ತು. ನರ್ಸಮ್ಮ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಹೊರಡುವಾಗ ಬೆಡ್‌ಶೀಟನ್ನು ಮಡಿಸಿ ನನ್ನ ಕೈಗಿಟ್ಟರು. "ಏಳನೇ ಚಿತ್ರ ನೋಡಿಕೋ ಮಾರಾಯ. ಉಳಿದ ಆರು ತಾವಾಗೇ ನಡೀತವೆ."

ಮನೆಗೆ ತಂದು ಬಿಚ್ಚಿ ನೋಡಿದೆ. ಗಿರಿಜೆಯ ಪಕ್ಕದಲ್ಲಿ ಇನ್ನೊಬ್ಬಳು, ಅವಳ ಹಿಂದೆ ಮತ್ತಿಬ್ಬರು, ಅಂಚಿನ ಹೊಲಿಗೆಯವರೆಗೂ ಶಾಲೆಗೆ ತಿರುಗಿ ಹೋದ ಹುಡುಗಿಯರು. ಕೆಂಪು ಮುಖ, ನೇರಳೆ ಮುಖ, ಹಳದಿ ಮುಖ. ಎಲ್ಲರ ಕೈಯಲ್ಲೂ ಪುಸ್ತಕ. ಕೊನೆಯವಳಿಗೆ ಜಾಗ ಸಾಲದೆ ಅವಳ ಒಂದು ಜಡೆ ಮೂರನೇ ಚಿತ್ರದ ಎತ್ತಿನ ಕೊಂಬಿಗೆ ತಾಗಿತ್ತು.

ಇವತ್ತು ಬೆಳಿಗ್ಗೆ ಡಾಕ್ಟರ ಮೇಜಿನ ಮೇಲೆ ಬೇಕಾದ ಸಾಮಾನಿನ ಇಂಡೆಂಟ್ ಇಟ್ಟು ಬಂದಿದ್ದೇನೆ. ಹೊಸ ಬೆಡ್‌ಶೀಟು ಒಂದು, ಕೆಂಪು ಔಷಧಿ ಎರಡು ಬಾಟಲಿ. ಯಾತಕ್ಕೆ ಎಂದು ಬರೆಯುವ ಜಾಗದಲ್ಲಿ 'ಅದಕ್ಕೆ' ಎಂದು ಬರೆಯಲಿಲ್ಲ. ನನ್ನ ಚೆಂದದ ಅಕ್ಷರದಲ್ಲಿ, ದುಂಡಗೆ, 'ಮುಟ್ಟಿನ ಪಾಠಕ್ಕೆ' ಎಂದೇ ಬರೆದಿದ್ದೇನೆ. ಅದರ ಕೆಳಗೆ ಕಾರಣ: 'ಹುಡುಗಿಯರು ಹೆಚ್ಚಾಗಿದ್ದಾರೆ, ಹಳೆಯದರಲ್ಲಿ ಜಾಗವಿಲ್ಲ.'